ಗೋಡೆಯಾಚೆಗಿಟ್ಟ ಫೈಲು

ನೀರಿನ ಸಂಶೋಧನಾ ಸಂಸ್ಥೆಯ ಶೆಡ್ಡಿನೊಳಗೆ ಸಿಮೆಂಟಿನ ಪುಟ್ಟ ಹೊಳೆಯೊಂದಿತ್ತು. ದಡದಲ್ಲಿ ಗೇಣೆತ್ತರದ ತಡೆಗೋಡೆ, ಅದರಾಚೆ ಬೆಂಕಿಪೊಟ್ಟಣದಂಥ ಮನೆಗಳ ಊರು. ನಿಜವಾದ ಹೊಳೆಗೆ ಕಟ್ಟಲಿರುವ ಗೋಡೆಯನ್ನು ಮೊದಲು ಇಲ್ಲಿ ಪರೀಕ್ಷಿಸುತ್ತಿದ್ದರು. ನೀರು ಬಿಟ್ಟು ಮಟ್ಟ ಬರೆಯುವುದು ದಿನಗೂಲಿಯ ಚಿಕ್ಕತಾಯಮ್ಮನ ಕೆಲಸ.

ಮಹಾಪೂರದಷ್ಟು ನೀರು ಬಿಟ್ಟಾಗಲೆಲ್ಲ ಅದು ಗೋಡೆ ದಾಟಿ ಊರಿಗೆ ನುಗ್ಗುತ್ತಿತ್ತು. ಅವಳು ಹಾಗೆಯೇ ಬರೆದಿದ್ದಳು.

ಒಂದು ಬೆಳಿಗ್ಗೆ ಮುಖ್ಯ ಅಧಿಕಾರಿ ವರದಿಯ ಫೈಲು ಹಿಡಿದು ಬಂದರು.

"ನೀರು ದಾಟಲ್ಲ ಅಂತ ತಿದ್ದು. ಮಧ್ಯಾಹ್ನ ಇದು ಮಂತ್ರಿಗಳ ಸಹಿಗೆ ಹೋಗಬೇಕು. ತಿದ್ದದಿದ್ರೆ ನಾಳೆಯಿಂದ ಬರಬೇಡ."

ಚಿಕ್ಕತಾಯಮ್ಮ ಲೆಕ್ಕ ಹಾಕಿದಳು. ತಿದ್ದದಿದ್ದರೆ ಮನೆಯ ಒಲೆ ಉರಿಯದು. ತಿದ್ದಿದರೆ ಒಂದು ಊರು ಮಲಗಿದಲ್ಲೇ ಮುಳುಗುತ್ತದೆ.

"ಆಗಲಿ ಸಾರ್. ಕೊನೇ ಸಲ ನೀರು ಬಿಟ್ಟು ತಿದ್ತೀನಿ. ಫೈಲು ಕೊಡಿ, ಜೋಪಾನವಾಗಿ ಇಡ್ತೀನಿ."

ಫೈಲನ್ನು ಗೋಡೆಯಾಚೆ, ಪುಟ್ಟ ಮನೆಗಳ ನಡುವೆ ಇಟ್ಟಳು. ಹೋಗಿ ನೀರು ಬಿಡುವ ಚಕ್ರ ತಿರುಗಿಸಿದಳು.

"ಏಯ್, ಫೈಲು ತೆಗಿ! ಒದ್ದೆಯಾಗುತ್ತೆ!"

"ಹೆಂಗಾಗುತ್ತೆ ಸಾರ್? ನೀರು ದಾಟಲ್ವಲ್ಲ!"

ನೀರು ಏರಿತು. ಗೋಡೆಯ ತುದಿಗೆ ಇನ್ನೊಂದು ಬೆರಳಷ್ಟೇ ಬಾಕಿ. ಅವಳು ಚಕ್ರ ಬಿಡಲಿಲ್ಲ.

ಸಾಹೇಬರು ಬೂಟು ಸಮೇತ ಊರಿಗೇ ಧುಮುಕಿದರು. ನಾಲ್ಕು ಮನೆ ತುಳಿದು ಫೈಲು ಎತ್ತಿ ಎದೆಗವಚಿಕೊಂಡರು. ನೀರು ಗೋಡೆ ದಾಟಿ ಅವರ ಕಾಲುಚೀಲ ನೆನೆಸಿತು. ಚಿಕ್ಕತಾಯಮ್ಮ ಚಕ್ರ ತಿರುಗಿಸಿ ನೀರು ನಿಲ್ಲಿಸಿದಳು.

"ನಾಳೆ ಬೇಗ ಬಾ," ಎಂದರು ಕೊನೆಗೆ, ಕಾಲು ಕೊಡವುತ್ತ. "ಗೋಡೆ ಎಷ್ಟು ಎತ್ತರಿಸಬೇಕೋ ನೋಡೋಣ."

"ನಿಮ್ಮ ಫೈಲು ನೆನೆಯದಷ್ಟು ಎತ್ತರಿಸಿದ್ರೆ ಸಾಕು ಸಾರ್."