ನೋಡುವವನ ವೀಳ್ಯ

ಕರಡಿಗುಡ್ಡದ ಆಸ್ಥಾನಕ್ಕೆ ಬಂದ ಮೂರನೆಯ ದಿನವೇ ಯಜ್ಞೇಶ್ವರ ದೀಕ್ಷಿತರು, ಕುಣಿತಕ್ಕೂ ಕುಣಿಯುವವರಿಗೂ ಸಂಬಂಧವಿಲ್ಲವೆಂದು ಸಾಧಿಸಿಬಿಟ್ಟರು.

ಅವರ ವಾದ ಹೀಗಿತ್ತು. ನಾಟ್ಯದ ಸಾರವೆಲ್ಲ ರಸದಲ್ಲಿದೆ. ಆ ರಸ ಹುಟ್ಟುವುದು ನೋಡುವವನ ಮನಸ್ಸಿನಲ್ಲಿ. ಕುಣಿಯುವವಳು ಅಳುಮುಖ ಮಾಡುತ್ತಾಳೆ, ಅಷ್ಟೆ. ಆಗ ಅವಳ ತಲೆಯಲ್ಲಿರುವುದು ತಾಳದ ಲೆಕ್ಕ, ಇಲ್ಲವೆ ಒಲೆಯ ಮೇಲಿಟ್ಟು ಬಂದ ಹುರುಳಿ. ಕರಗುವುದು ರಸಿಕನ ಎದೆ. ಆದ್ದರಿಂದ ಹಿರಿಮೆಯೂ ರಸಿಕನದೇ.

ಇಪ್ಪತ್ತು ವರ್ಷದಿಂದ ದಿಂಬಿಗೊರಗಿ ಕುಣಿತ ನೋಡುತ್ತ ಬಂದಿದ್ದ ದೊಡ್ಡಹನುಮ ನಾಯಕರಿಗೆ, ಅಷ್ಟೂ ದಿನ ದುಡಿದವರು ತಾವೇ ಎಂಬುದು ಅಂದು ತಿಳಿಯಿತು. ತಮ್ಮನ್ನು ಹೊಗಳುವ ಶಾಸ್ತ್ರ ಅವರಿಗೆ ಬೇಗ ಅರ್ಥವಾಗುತ್ತಿತ್ತು.

"ಹಾಗಾದರೆ ಕುಣಿತ ಮುಗಿದ ಮೇಲೆ ನಾವು ಕೊಡುವ ವೀಳ್ಯ ಯಾರದು?" ಎಂದು ಕೇಳಿದರು.

"ರಸಿಕನಿಗೆ ಸಲ್ಲಬೇಕು ಪ್ರಭು. ತಮಗೆ ತಾವೇ ಕೊಟ್ಟುಕೊಂಡರೆ ಚೆನ್ನಾಗಿರುವುದಿಲ್ಲ. ತಮ್ಮ ನಂತರದ ರಸಿಕನಿಗೆ ಕೊಡಬಹುದು," ಎಂದು ದೀಕ್ಷಿತರು ವಿನಯದಿಂದ ನೆಲ ನೋಡಿದರು.

ನಾಯಕರ ಬೆನ್ನ ಹಿಂದೆ ಎಲೆಯಡಿಕೆಯ ಚೀಲ ಹಿಡಿದು ನಿಂತಿದ್ದ ಹಡಪದ ರೇವಣ್ಣನಿಗೆ ಈ ವಿನಯ ಎಲ್ಲಿಗೆ ಹೊರಟಿದೆಯೆಂದು ಗೊತ್ತಾಯಿತು. ಕರಡಿಗುಡ್ಡದಲ್ಲಿ ವೀಳ್ಯವೆಂದರೆ ಬರೀ ಎರಡೆಲೆ ಒಂದಡಿಕೆಯಲ್ಲ. ಅದು ಯಾರ ಕೈಗೋ, ಮೇಳದ ಕೇರಿಯ ದೊಡ್ಡಮನೆಯೂ ಅವರಿಗೇ. ಅಲ್ಲಿ ಈಗ ಆಸ್ಥಾನದಲ್ಲಿ ಕುಣಿಯುವ ಮುದ್ದುವೀರಮ್ಮ ನಾಲ್ವರು ಶಿಷ್ಯೆಯರನ್ನೂ ಕಣ್ಣು ಮಂಜಾದ ಮದ್ದಳೆಯ ಸೋದರಮಾವನನ್ನೂ ಕಟ್ಟಿಕೊಂಡು ಬಾಳುತ್ತಿದ್ದಳು. ದೀಕ್ಷಿತರು ಸದ್ಯಕ್ಕೆ ಛತ್ರದಲ್ಲಿದ್ದರು. ಛತ್ರದಲ್ಲಿ ತಿಗಣೆಯಿತ್ತು. ಸಿದ್ಧಾಂತಗಳ ಮೂಲ ಎಲ್ಲೆಲ್ಲೋ ಇರುತ್ತದೆ.

ಮರುದಿನ ಬೆಳಿಗ್ಗೆ ಮುದ್ದುವೀರಮ್ಮ ರೇವಣ್ಣನ ಜಗಲಿಗೆ ಬಂದು ಕೂತಳು. ವಿಜಯದಶಮಿಯ ಕುಣಿತವಾದ ಕೂಡಲೇ ಮನೆ ಬಿಡಬೇಕೆಂದು ಅಪ್ಪಣೆಯಾಗಿತ್ತಂತೆ. ಕುಣಿಯುವುದು ಮಾತ್ರ ತಪ್ಪುವಂತಿರಲಿಲ್ಲ.

"ಅಲ್ಲ ಅಣ್ಣಾ, ಬೆವರು ನನ್ನದು, ಮನೆ ಅವರದಾ?"

ರೇವಣ್ಣ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಈ ಸಲ ಕುಣಿಯಬೇಡ ತಾಯಿ. ಮಿಂದು, ಹೂ ಮುಡಿದು ಬಂದು ಮುಂದಿನ ಸಾಲಿನಲ್ಲಿ ಕೂತುಕೋ. ಮಾವನ ಮದ್ದಳೆ ಮಾತ್ರ ಇರಲಿ. ನೀನು ನೋಡು, ಅಷ್ಟೆ."

ವಿಜಯದಶಮಿಯ ಮಧ್ಯಾಹ್ನ ಊಟ ಮುಗಿಸಿ ಊರೆಲ್ಲ ಚಾವಡಿಯಲ್ಲಿ ಸೇರಿತು. ತೆರೆ ಸರಿಯಿತು. ರಂಗದ ಮೇಲೆ ಒಂದು ದೀಪ, ಒಂದು ಚಾಪೆ. ಪಕ್ಕದಲ್ಲಿ ಮದ್ದಳೆ ಹಿಡಿದ ಸೋದರಮಾವ. ಮತ್ತಾರೂ ಇಲ್ಲ.

ಕುಣಿಯುವವಳೆಲ್ಲಿ ಎಂದು ನಾಯಕರು ಗುಡುಗಿದರು. ರೇವಣ್ಣ ಮುಂದೆ ಬಂದು ಕೈಮುಗಿದ.

"ಬುದ್ಧಿ, ರಸವೆಲ್ಲ ನೋಡುವವರಲ್ಲೇ ಇದೆಯೆಂದು ತೀರ್ಮಾನವಾಗಿದೆ. ಹೆಂಗಸನ್ನು ಸುಮ್ಮನೆ ದಣಿಸುವುದೇಕೆ? ದೀಕ್ಷಿತರು ಹೇಗೂ ಬಂದಿದ್ದಾರೆ. ಸವಿಯಲಿ."

ಎಲ್ಲರೂ ದೀಕ್ಷಿತರ ಕಡೆ ತಿರುಗಿದರು. ಬರಿಯ ಚಾಪೆ ನೋಡಿ ಏನನ್ನು ಸವಿಯುವುದೆಂದು ಕೇಳಿದರೆ, ಕುಣಿಯುವವಳು ಬೇಕೆಂದು ಒಪ್ಪಿಕೊಂಡಂತೆ, ಮನೆ ಹೋಯಿತು. ದೀಕ್ಷಿತರು ಗಂಟಲು ಸರಿಮಾಡಿಕೊಂಡರು. ಚಾಪೆಯನ್ನು ದಿಟ್ಟಿಸಿದರು. ಸ್ವಲ್ಪ ಹೊತ್ತಾದ ಮೇಲೆ, ಕರುಣರಸ ಬರುತ್ತಿದೆ ಎಂದರು.

"ನಮಗೇನೂ ಕಾಣಿಸಲಿಲ್ಲವಲ್ಲ," ಎಂದರು ನಾಯಕರು. "ಕರುಣವಾದರೆ ಕಣ್ಣೀರೆಲ್ಲಿ?"

ದೀಕ್ಷಿತರು ಹುಬ್ಬು ಮೇಲೆತ್ತಿ, ಕೆಳತುಟಿ ನಡುಗಿಸಿ, ರೆಪ್ಪೆ ಬಡಿಯದೆ ಕೂತು, ಕಷ್ಟಪಟ್ಟು ಒಂದು ಹನಿ ಇಳಿಸಿದರು. ಮದ್ದಳೆಯ ಮುದುಕನಿಗೆ ಕಣ್ಣು ಕಾಣದಿದ್ದರೂ ಕೈ ಸುಮ್ಮನಿರಲಿಲ್ಲ. ಅವನೊಂದು ಪೆಟ್ಟು ಹಾಕಿದ. ಆ ಪೆಟ್ಟಿಗೆ ದೀಕ್ಷಿತರ ತಲೆ ತಾನಾಗಿ ತೂಗಿತು. ವೀರ ಬರಲಿ ಎಂದು ಹಿಂದಿನಿಂದ ಯಾರೋ ಕೂಗಿದರು. ದೀಕ್ಷಿತರು ಎದ್ದು ಸಭೆಯ ಕಡೆ ತಿರುಗಿ ಮೀಸೆಯಿಲ್ಲದ ಕಡೆ ಮೀಸೆ ತಿರುವಿದರು. ರೌದ್ರಕ್ಕೆ ನೆಲ ಒದ್ದರು. ಭಯಾನಕಕ್ಕೆ ಬೆನ್ನು ಹಾಕಿ ಓಡಹೋಗಿ, ಕಾಲಿಗೆ ಉತ್ತರೀಯ ಸಿಕ್ಕಿ, ಅದೇ ಚಾಪೆಯ ಮೇಲೆ ಬಿದ್ದರು.

ಚಾವಡಿ ನಕ್ಕ ನಗೆಗೆ ಸೂರಿನ ಪಾರಿವಾಳಗಳೆಲ್ಲ ಹಾರಿದವು. ಎಲ್ಲರಿಗಿಂತ ಹೆಚ್ಚು ನಕ್ಕವಳು ಮುಂದಿನ ಸಾಲಿನ ಮುದ್ದುವೀರಮ್ಮ. ಅವಳು ಪಕ್ಕದವಳ ಹೆಗಲಿಗೆ ಒರಗಿಬಿಟ್ಟಿದ್ದಳು.

ನಾಯಕರು ಹೊಟ್ಟೆ ಹಿಡಿದುಕೊಂಡು ವೀಳ್ಯಕ್ಕೆ ಕೈ ಚಾಚಿದರು. ರೇವಣ್ಣ ಎರಡೆಲೆ ಮಡಿಸಿ, ನೆಟ್ಟಗೆ ಮುದ್ದುವೀರಮ್ಮನ ಕಡೆ ನಡೆದ.

"ಏನಯ್ಯಾ, ಎಲ್ಲಿಗೆ?" ಎಂದರು ದೀಕ್ಷಿತರು, ಚಾಪೆಯ ಮೇಲಿಂದಲೇ.

"ಹಾಸ್ಯರಸವನ್ನು ಹೆಚ್ಚು ಸವಿದವಳು ಈಕೆ ಸ್ವಾಮಿ. ವೀಳ್ಯ ನೋಡಿದವರಿಗಲ್ಲವೆ?"

"ಅವಳು ಕೂತು ನಕ್ಕಳು. ಬೆವರು ಸುರಿಸಿದವನು ನಾನು, ಕುಣಿದವನು ನಾನು, ಬಿದ್ದವನೂ ನಾನೇ. ವೀಳ್ಯ ಅವಳಿಗೆ ಹೇಗೆ ಹೋಗುತ್ತದೆ?"

ಈ ಮಾತು ಬಾಯಿಂದ ಹೊರಬಿದ್ದ ಮೇಲೆ ದೀಕ್ಷಿತರ ಕಿವಿಗೂ ಕೇಳಿಸಿತು. ಅಷ್ಟರಲ್ಲಿ ಊರೆಲ್ಲ ಕೇಳಿಸಿಕೊಂಡಾಗಿತ್ತು.

"ಸರಿ ಬುದ್ಧಿ," ಎಂದ ರೇವಣ್ಣ, "ಕುಣಿದವರಿಗೇ ವೀಳ್ಯವೆಂದು ಶಾಸ್ತ್ರ ಬಲ್ಲವರೇ ತೀರ್ಪು ಕೊಟ್ಟರು. ಇವತ್ತು ಕುಣಿದವರು ಅವರು, ಇದು ಅವರದೇ." ಹಿಂದಕ್ಕೆ ಬಂದು ಎಲೆಯನ್ನು ದೀಕ್ಷಿತರ ಮುಂದೆ ಹಿಡಿದ. "ತಗೊಳ್ಳಿ ಸ್ವಾಮಿ. ವೀಳ್ಯ ಹಿಡಿದವರು ಮುಂದಿನ ಹುಣ್ಣಿಮೆಗೆ ಗೆಜ್ಜೆ ಕಟ್ಟಿ ಕುಣಿಯಲೇಬೇಕು, ಅದು ಕೇರಿಯ ಕಟ್ಟಳೆ. ಆಮೇಲೆ ಪ್ರತಿ ಹುಣ್ಣಿಮೆಗೂ."

ವೀಳ್ಯಕ್ಕೆಂದು ಚಾಚಿದ್ದ ದೀಕ್ಷಿತರ ಕೈ ಉತ್ತರೀಯದೊಳಗೆ ಸೇರಿಕೊಂಡಿತು.

ನಾಯಕರು ಕಣ್ಣೊರೆಸಿಕೊಂಡು ಆ ವೀಳ್ಯವನ್ನು ತಾವೇ ತೆಗೆದು ಮುದ್ದುವೀರಮ್ಮನಿಗೆ ಕೊಟ್ಟರು. ಕೈಯ ಕಡಗವನ್ನು ಬಿಚ್ಚಿ ರೇವಣ್ಣನಿಗೆ ತೊಡಿಸಿದರು. ಆಮೇಲೆ ದೀಕ್ಷಿತರ ಕಡೆ ತಿರುಗಿ, "ಆಚಾರ್ಯರೇ, ಕೊನೆಗೂ ಒಂದು ತೀರ್ಮಾನವಾಗಿಬಿಡಲಿ. ರಸ ಇರುವುದೆಲ್ಲಿ?" ಎಂದರು.

ದೀಕ್ಷಿತರು ಮೊಣಕಾಲು ನೀವಿಕೊಂಡು ಎದ್ದು ನಿಂತರು.

"ಸದ್ಯಕ್ಕೆ ಮೇಳದ ಕೇರಿಯಲ್ಲೇ ಇರಲಿ ಪ್ರಭು."