ನಮ್ಮವರ ಮಿರ್ಚಿ ಅಂಗಡಿ

ಗದಗಿನಲ್ಲಿ ಆಗ ರೈಲು ಇಳಿದವರೆಲ್ಲ ಮೊದಲು ಕೇಳುತ್ತಿದ್ದದ್ದೇ ‘ಅಂದಾನಪ್ಪನ ಮಿರ್ಚಿ ಅಂಗಡಿ’. ಅಂದಾನಪ್ಪ ತೀರಿಹೋದ ಮೇಲೂ ಹೆಂಡತಿ ನೀಲವ್ವ ಮೆಣಸಿನಕಾಯಿ ಭಜಿ ಕರಿಯುವ ಅದೇ ಕಡಾಯಿ, ಅದೇ ಬೋರ್ಡು ಇಟ್ಟುಕೊಂಡು ಅಂಗಡಿ ನಡೆಸುತ್ತಿದ್ದಳು.

ಎದುರಿಗೇ ಗೂಳಪ್ಪ ಸಾಹುಕಾರರು ‘ಅಂದಾನಪ್ಪ ಮಿರ್ಚಿ ಸೆಂಟರ್’ ತೆರೆದರು. ಅಂದಾನಪ್ಪ ಎಂಬುದು ಅವರ ಮಗನ ಹೆಸರೂ ಆಗಿತ್ತು. ಮೇಲೆ ಟ್ರೇಡ್ ಮಾರ್ಕೂ ಮಾಡಿಸಿಕೊಂಡು, ವಕೀಲರನ್ನು ಕರಕೊಂಡೇ ಬಂದರು.

“ಆ ಹೆಸರು ಈಗ ನಮ್ಮದು. ಬೋರ್ಡಿನ ಮ್ಯಾಲಿಂದ ಅಳಿಸು. ಇನ್ನ ಅದನ್ನ ಬಾಯಾಗ ತಂದ್ರ ಅಂಗಡಿಗೆ ಬೀಗ!”

ನೀಲವ್ವ ಬೋರ್ಡಿನತ್ತ ನೋಡಿದಳು. ಗಂಡ ಕೈಯಾರೆ ಬರೆದ ಬೋರ್ಡು ಅದು. ಆದರೂ ಸೆರಗು ಸರಿಮಾಡಿಕೊಂಡು ಅಂದಳು: “ಆತು ಬಿಡ್ರಿ ಸಾವಕಾರ್ರ. ಗಂಡನ ಹೆಸರು ನಾ ಯಾವಾಗರ ಬಾಯಾಗ ತಂದೇನೇನ್ರಿ?”

ಮರುದಿನ ಬೋರ್ಡಿನಲ್ಲಿ ಆ ಹೆಸರಿದ್ದ ಜಾಗಕ್ಕೆ ‘ನಮ್ಮವರ’ ಎಂದು ಬಂತು.

“ನಮ್ಮವರ ಅಂದ್ರ ಯಾರದಬೇ?” ಎಂದು ಹೊಸಬರು ಕೇಳುವರು. ನೀಲವ್ವ ನಾಚಿ ಬಾಯಿಗೆ ಸೆರಗು ಹಿಡಿಯುವಳು. ಸುತ್ತ ನಿಂತ ಗಿರಾಕಿಗಳೆಲ್ಲ ಒಂದೇ ದನಿಯಲ್ಲಿ ಕೂಗುವರು: “ಅಂದಾನಪ್ಪಂದು!” ಬೋರ್ಡಿನ ಮೇಲೆ ಸುಮ್ಮನಿದ್ದ ಹೆಸರು ಈಗ ಸ್ಟೇಷನ್ನಿನವರೆಗೂ ಕೇಳತೊಡಗಿತು.

ಸಾಹುಕಾರರು ಕೆಂಡವಾಗಿ ಓಡಿಬಂದರು. “ಏನ ಆಟ ಹಚ್ಚೀ? ಇದು ಯಾರ ಅಂಗಡಿ ಅಂತ ಊರಿಗೆಲ್ಲ ಗೊತ್ತೈತಿ. ಇದು ಅಂದಾನಪ್ಪನ ಅಂಗಡಿ!”

ಗಿರಾಕಿಗಳು ಚಪ್ಪಾಳೆ ತಟ್ಟಿದರು. ನೀಲವ್ವ ಬಿಸಿ ಮಿರ್ಚಿಯೊಂದನ್ನು ಅವರ ಕೈಗಿಟ್ಟು, “ನೀವ ಅಂದ್ರಿ ಸಾವಕಾರ್ರ, ನಾ ಅಂದಿಲ್ಲ” ಎಂದಳು. ಸಾಹುಕಾರರು ಮಿರ್ಚಿ ಹಿಡಿದುಕೊಂಡೇ ಹೋದರು.

ಅಂಗಡಿ ಮುಚ್ಚುವಾಗ ನೀಲವ್ವ ಬೋರ್ಡಿನ ಕಡೆ ನೋಡಿ ನಕ್ಕಳು.

“ಮದುವ್ಯಾಗ ಹೊಸ್ತಿಲ ದಾಟೂಮುಂದ ಒಮ್ಮೆ ನಿಮ್ಮ ಹೆಸರು ಹೇಳಾಕ ಎಷ್ಟ್ ನಾಚಿದ್ದೆ. ಈಗ ನೋಡ್ರಿ, ವೈರೀನ ಬಂದು ಕೂಗಿ ಹೇಳಿ ಹೋದ.”