ಜಾಡಿಗೆ ತುಂಬಿದ ಚೆಸ್ಟ್‌ನಟ್

ಬನ್ನಿ ಮಕ್ಕಳೇ, ಹತ್ತಿರ ಬನ್ನಿ. ಒಬ್ಬರ ಕಾಲು ಒಬ್ಬರು ತುಳಿಯದೆ ಕೂತುಕೊಳ್ಳಿ. ನೀರು ಕುಡಿಯುವವರು ಈಗಲೇ ಕುಡಿದು ಬನ್ನಿ, ನಡುವೆ ಎದ್ದು ಹೋದವರಿಗೆ ಮತ್ತೆ ಮೊದಲಿಂದ ಹೇಳೋಕಾಗಲ್ಲ. ಆಯ್ತಾ? ಹಾಗಾದರೆ ಕೇಳಿ.

ಚೀನಾ ದೇಶದಲ್ಲಿ ಬೆಟ್ಟದ ಮೇಲೊಂದು ಊರು. ಮೂವತ್ತು ಮನೆ ಇದ್ದರೆ ಹೆಚ್ಚು. ಅಲ್ಲಿ ಗದ್ದೆಯಿಲ್ಲ, ಭತ್ತವಿಲ್ಲ. ಎಲ್ಲಿ ನೋಡಿದರೂ ಚೆಸ್ಟ್‌ನಟ್ ಮರ. ಅದೇನು ಅಂತೀರಾ? ಹೊರಗೆ ಮುಳ್ಳುಹಂದಿ ಮರಿಯ ಹಾಗೆ ಮೈತುಂಬ ಮುಳ್ಳಿನ ಕಾಯಿ. ಒಳಗೆ ಎಣ್ಣೆ ಸವರಿದ ಹಾಗೆ ಹೊಳೆಯುವ ಕಂದು ಬೀಜ. ಕೆಂಡದಲ್ಲಿ ಸುಟ್ಟರೆ ನಮ್ಮ ಹಲಸಿನ ಬೀಜದ ಹಾಗೆ ಹಿಟ್ಟುಹಿಟ್ಟು, ಆದರೆ ಸಿಹಿ. ಚಳಿಗಾಲದಲ್ಲಿ ಇದನ್ನು ತಿಂದರೆ ಸೊಂಟಕ್ಕೂ ಕಾಲಿಗೂ ಬಲ ಅಂತ ಅಲ್ಲಿಯ ಹಿರಿಯರ ನಂಬಿಕೆ.

ತಿನ್ನುವುದಕ್ಕೂ ಒಂದು ಕ್ರಮ ಇತ್ತು. ಹಸಿ ಬೀಜವನ್ನು ಬಲೆಯ ಚೀಲಕ್ಕೆ ತುಂಬಿ, ಸೂರಿನ ಕೆಳಗೆ ಗಾಳಿ ಬೀಸುವ ಕಡೆ ತೂಗುಹಾಕಬೇಕು. ದಿನಾ ಒಂದು ಸಲ ಚೀಲ ಅಲ್ಲಾಡಿಸಬೇಕು. ಬೀಜ ಸುಕ್ಕಾಗಿ ಸಿಹಿ ಹೆಚ್ಚುತ್ತದೆ. ಆಮೇಲೆ ದಿನಾ ಬೆಳಗ್ಗೆ ಹತ್ತು ಬೀಜ. ಹತ್ತೇ! ಆಸೆಪಟ್ಟು ಇನ್ನಷ್ಟು ತಿಂದರೆ ಹೊಟ್ಟೆ ಉಬ್ಬರ. ಒಂದೊಂದನ್ನೂ ಬಾಯಲ್ಲಿ ಹಾಲಾಗುವ ತನಕ ಅಗಿದು ಮೆಲ್ಲಗೆ ನುಂಗಬೇಕು.

ಆ ಊರಿನಲ್ಲಿ ಶುಝೆನ್ ಅಂತ ಒಬ್ಬ ಹೆಂಗಸು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳು ಮದುವೆಯಾಗಿ ಆಚೆ ಬೆಟ್ಟದಲ್ಲಿ. ಒಬ್ಬ ಮಗ, ಉಪ್ಪು ಹೊರುವ ಕೆಲಸ, ಮನೆಯಲ್ಲಿ ಇದ್ದದ್ದಕ್ಕಿಂತ ದಾರಿಯಲ್ಲಿ ಇದ್ದದ್ದೇ ಜಾಸ್ತಿ. ಗಾಳಿಗೆ ಬೀಜ ಒಣಗಿಸುವುದರಲ್ಲಿ ಶುಝೆನ್‌ಳ ಕೈಗೆ ಸಮನಾದ ಕೈ ಸುತ್ತಮುತ್ತ ಇರಲಿಲ್ಲ. ಅದಕ್ಕೇ ಊರವರು ಮನೆಗೊಂದು ಬುಟ್ಟಿಯಂತೆ ಬೀಜ ತಂದು ಅವಳಿಗೆ ಒಪ್ಪಿಸುತ್ತಿದ್ದರು. ಎಪ್ಪತ್ತು ದಾಟಿದ ಮುದುಕ ಮುದುಕಿಯರಿಗೆ ಚಳಿಗಾಲ ಪೂರ್ತಿ ಅವಳೇ ಹಂಚಬೇಕು. ನಲವತ್ತು ವರ್ಷ ಹಂಚಿದ್ದಳು. ಒಂದು ಬೀಜಕ್ಕೂ ಬೂಸಲು ಬಂದಿರಲಿಲ್ಲ.

ಹೆಮ್ಮೆ ಇರದೆ ಇರುತ್ತದೆಯೇ? ಇತ್ತು. ನಡೆಯುವಾಗ ಕತ್ತು ನೆಟ್ಟಗೆ, ನೀರು ತುಂಬಿದ ಕೊಡ ತಲೆ ಮೇಲಿಟ್ಟುಕೊಂಡ ಹಾಗೆ.

ಆ ವರ್ಷ ಮಗನಿಗೆ ಮದುವೆಯಾಯಿತು. ಸೊಸೆ ಲಿಯಾನ್ ಬಯಲುಸೀಮೆಯ ಹುಡುಗಿ, ಅಕ್ಕಿ ಉಂಡು ಬೆಳೆದವಳು. ತವರಿನವರು ಒಂದು ಮೂಟೆ ಅಕ್ಕಿ ಕೊಟ್ಟು ಕಳಿಸಿದ್ದರು. ಅವಳಿಗೆ ಚೆಸ್ಟ್‌ನಟ್ ಹೊಸದು. ಸೂರಿನ ಕೆಳಗೆ ಸಾಲಾಗಿ ತೂಗುತ್ತಿದ್ದ ಚೀಲ ನೋಡಿ ಕೇಳಿದಳು:

"ಅತ್ತೆ, ಇವನ್ನ ಯಾಕೆ ಗಾಳಿಗೆ ಬಿಟ್ಟಿದ್ದೀರಿ? ಇಲಿ, ಅಳಿಲು ಬಂದರೆ?"

"ಅದೆಲ್ಲ ನಿನಗೆ ತಿಳಿಯೋದಲ್ಲ. ನಲವತ್ತು ವರ್ಷದ ಕೈ ಬೇಕು ಇದಕ್ಕೆ. ನೀನು ಒಲೆ ನೋಡ್ಕೋ."

ಲಿಯಾನ್ ಒಲೆಯ ಕಡೆ ಹೋದಳು.

ಅಷ್ಟರಲ್ಲಿ ಆಚೆ ಬೆಟ್ಟದಲ್ಲಿದ್ದ ಶುಝೆನ್‌ಳ ಮಗಳಿಗೆ ಹೆರಿಗೆ ಹತ್ತಿರ ಬಂತು. ಬಾಣಂತನಕ್ಕೆ ತಾಯಿ ಹೋಗದೆ ಇರುತ್ತಾಳೆಯೇ? ಹೊರಟಳು. ಬಟ್ಟೆ ಗಂಟು ಕಟ್ಟಿದಳು, ಕೋಳಿಗೆ ಕಾಳು ಎಷ್ಟು ಅಂತ ಹೇಳಿದಳು, ಬಾಗಿಲಿಗೆ ಅಗಳಿ ಹಾಕುವುದು ಹೇಳಿದಳು. ಚೀಲದ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ.

ಅವಳು ಹೋದ ಮೂರನೆಯ ದಿನ ಹಿಮ ಬಿತ್ತು. ಒಂದು ಅಳಿಲು ಚೀಲದ ಮೇಲೆ ಕೂತು ಆರಾಮಾಗಿ ಊಟ ಮಾಡುತ್ತಿತ್ತು. ಲಿಯಾನ್ ಓಡಿ ಬಂದು ಅದನ್ನು ಅಟ್ಟಿದಳು. ಊರಿನ ಹಿರಿಯರ ಆಹಾರ, ಅತ್ತೆಯ ಮರ್ಯಾದೆ, ನಾನಿದ್ದೂ ಹಾಳಾಯಿತು ಅಂದರೆ! ತವರಿನಲ್ಲಿ ಅಮ್ಮ ಅಕ್ಕಿಯನ್ನು ಹೇಗೆ ಇಡುತ್ತಿದ್ದಳು? ದೊಡ್ಡ ಮಣ್ಣಿನ ಜಾಡಿಗೆ ತುಂಬಿ, ಬಾಯಿಗೆ ಜೇಡಿಮಣ್ಣು ಮೆತ್ತಿ, ಗಾಳಿಯೂ ನುಸುಳದ ಹಾಗೆ. ಲಿಯಾನ್ ತೋಳು ಮೇಲೇರಿಸಿ ಒಂದು ಹಗಲೆಲ್ಲ ದುಡಿದಳು. ಎಲ್ಲ ಬೀಜವನ್ನೂ ಮೂರು ಜಾಡಿಗೆ ತುಂಬಿ ಮಣ್ಣು ಮೆತ್ತಿದಳು. ಮೇಲೆ ಕೈಯಿಂದ ಒಂದು ಹೂವಿನ ಚಿತ್ರ ಬೇರೆ ಬರೆದಳು, ಪಾಪ.

ಅಕ್ಕಿ ಸತ್ತ ಕಾಳು ಮಕ್ಕಳೇ, ಮುಚ್ಚಿಟ್ಟರೆ ಬಾಳುತ್ತದೆ. ಚೆಸ್ಟ್‌ನಟ್ ಹಾಗಲ್ಲ. ಅದಕ್ಕಿನ್ನೂ ಉಸಿರಿರುತ್ತದೆ. ಬಾಯಿ ಮುಚ್ಚಿದರೆ ಒಳಗೇ ಬೆವರುತ್ತದೆ.

ಹದಿನೈದು ದಿನ ಕಳೆದು, ಹಗಲು ಎಲ್ಲಕ್ಕಿಂತ ಚಿಕ್ಕದಾಗುವ ದಿನದ ಹಿಂದಿನ ಮಧ್ಯಾಹ್ನ ಶುಝೆನ್ ಮನೆಗೆ ಬಂದಳು. ಮರುದಿನವೇ ಆ ಚಳಿಗಾಲದ ಮೊದಲ ಹಂಚಿಕೆ. ಲಿಯಾನ್ ಬಾಗಿಲಿಗೇ ಓಡಿ ಬಂದು ಕೈ ಹಿಡಿದಳು. "ಬನ್ನಿ ಅತ್ತೆ, ನೋಡಿ ಬನ್ನಿ! ಆಮೇಲೆ ಒಂದು ಬೀಜವೂ ಅಳಿಲಿನ ಪಾಲಾಗಲಿಲ್ಲ!"

ಶುಝೆನ್ ಜಾಡಿ ನೋಡಿದಳು. ಮಣ್ಣು ಒಡೆದು ಮುಚ್ಚಳ ತೆಗೆದಳು. ಗಬ್ಬು ವಾಸನೆ ಮುಖಕ್ಕೆ ಹೊಡೆಯಿತು. ಮೇಲಿನ ಬೀಜಗಳಿಗೆಲ್ಲ ಬಿಳಿ ಬೂಸಲು.

ಸೊಸೆಯ ಮುಖದ ನಗು ಹಾಗೇ ನಿಂತುಬಿಟ್ಟಿತು. "ಅತ್ತೆ... ಅಕ್ಕಿ ಹೀಗೇ ಇಡ್ತಾರೆ..."

"ಇದು ಅಕ್ಕಿಯಲ್ಲ ಮಗಳೇ," ಅಂದಳು ಶುಝೆನ್. "ನೀರು ತಾ. ದೊಡ್ಡ ಬಾನಿಗೆ ತುಂಬು."

ಕಣ್ಣಿಗೆ ಕಂಡ ಬೂಸಲು ಬೀಜಗಳನ್ನು ಮೊದಲು ಆರಿಸಿ ಎಸೆದರು. ಉಳಿದದ್ದನ್ನು ನೀರಿಗೆ ಸುರಿದರು. ಕೆಟ್ಟದ್ದು ತೇಲುತ್ತದೆ, ಗಟ್ಟಿಯಾದದ್ದು ಮುಳುಗುತ್ತದೆ. ಮುಳುಗಿದ್ದನ್ನೂ ಒಂದೊಂದಾಗಿ ಸುಲಿದು ನೋಡಿದರು. ಕೊನೆಗೆ ಉಳಿದದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅದೂ ನೀರು ಕುಡಿದ ಬೀಜ, ಹಸಿಯಾಗಿ ಅಗಿಯುವುದಕ್ಕೆ ಬಾರದು.

ಪಕ್ಕದ ಮನೆಯ ಫಾಂಗ್ ಗೋಡೆಯ ಮೇಲಿಂದ ಇಣುಕಿದಳು. ನಾಲಿಗೆ ಸ್ವಲ್ಪ ಉದ್ದ ಅವಳದು.

"ಏನಕ್ಕಾ, ಬೀಜಕ್ಕೆ ಎಣ್ಣೆಸ್ನಾನ ಮಾಡಿಸ್ತಿದ್ದೀಯಾ?"

ಆಮೇಲೆ ವಾಸನೆ ಬಡಿದು ಎಲ್ಲ ಅರ್ಥವಾಯಿತು. ದನಿ ತಗ್ಗಿಸಿ ಹೇಳಿದಳು: "ಅಕ್ಕಾ, ನನ್ನ ಮಾತು ಕೇಳು. ನಾಳೆ ಎಲ್ಲರ ಮುಂದೆ ಸೊಸೆ ಹೆಸರು ಹೇಳಿಬಿಡು. ನೀನು ಊರಲ್ಲೇ ಇರಲಿಲ್ಲ. ಬಯಲಿನ ಹುಡುಗಿ, ನಾಲ್ಕು ದಿನ ಆಡಿಕೊಳ್ತಾರೆ, ಮರೀತಾರೆ. ನಿನ್ನ ನಲವತ್ತು ವರ್ಷದ ಹೆಸರು ಉಳಿಯುತ್ತೆ."

ಲಿಯಾನ್ ತಲೆ ತಗ್ಗಿಸಿಯೇ ಹೇಳಿದಳು, "ಹಾಗೇ ಹೇಳಿ ಅತ್ತೆ. ನಾನೇ ತಾನೇ ಮಾಡಿದ್ದು."

ಶುಝೆನ್ ಹುಡುಗಿಯ ಬೆರಳು ನೋಡುತ್ತಿದ್ದಳು. ಬೀಜ ಸುಲಿದು ಸುಲಿದು ಉಗುರಿನ ಸಂದಿಯಲ್ಲಿ ರಕ್ತ. 'ಇವಳು ಕೇಳಿದಳಲ್ಲ, ಯಾಕೆ ಗಾಳಿಗೆ ಬಿಟ್ಟಿದ್ದೀರಿ ಅಂತ ಬಾಯಿಬಿಟ್ಟು ಕೇಳಿದಳಲ್ಲ,' ಅಂತ ಅವಳ ಮನಸ್ಸು ಚುಚ್ಚಿತು.

ಬೆಳಗಾಯಿತು. ಕೋಲೂರಿಕೊಂಡು, ಕೆಮ್ಮಿಕೊಂಡು ಹನ್ನೊಂದು ಜನ ಹಿರಿಯರು ಅಂಗಳಕ್ಕೆ ಬಂದು ಕೂತರು. ಹಿಂದೆ ಊರವರು. ಸೂರಿನ ಕೆಳಗೆ ಒಂದು ಚೀಲವೂ ಇಲ್ಲ. ಪಿಸುಪಿಸು ಶುರುವಾಯಿತು.

ಶುಝೆನ್ ಎದ್ದು ನಿಂತಳು. ಕತ್ತು ನೆಟ್ಟಗೇ ಇತ್ತು.

"ಬೀಜ ಕೆಟ್ಟಿದೆ. ಜಾಡಿಗೆ ತುಂಬಿದ್ದು ಸೊಸೆ. ಆದರೆ ತಪ್ಪು ಅವಳದಲ್ಲ, ನಂದು. ಅವಳು ಕೇಳಿದಳು, ನಾನು ಹೇಳಿಕೊಡಲಿಲ್ಲ. ಅವಳಿಗಷ್ಟೇ ಅಲ್ಲ, ನಲವತ್ತು ವರ್ಷದಲ್ಲಿ ಯಾರಿಗೂ ಹೇಳಿಕೊಡಲಿಲ್ಲ. ಎಲ್ಲರಿಗೂ ಬಂದುಬಿಟ್ಟರೆ ನನ್ನನ್ನು ಯಾರು ಕೇಳ್ತಾರೆ ಅನ್ನೋ ಭಯ ನನಗೆ. ಈಗ ಬೈಯೋರು ಬೈಯಿರಿ."

ಯಾರೂ ಬೈಯಲಿಲ್ಲ. ಎಲ್ಲರಿಗಿಂತ ಹಿರಿಯ ತಾವ್ ಅಜ್ಜ ಗಡ್ಡ ಕೆರೆದುಕೊಂಡ.

"ತಾಯಿ, ನೀನು ನಿಜ ಹೇಳಿದ ಮೇಲೆ ನಾನೂ ಒಂದು ಹೇಳಿಬಿಡ್ತೀನಿ. ನನ್ನ ಬಾಯಲ್ಲಿ ಹಲ್ಲು ಹೋಗಿ ಏಳು ವರ್ಷ ಆಯ್ತು. ನಿನ್ನ ಬೀಜ ಕಲ್ಲು! ಹೇಳೋಣ ಅಂದರೆ ನಿನ್ನ ಮುಖ ನೋಡಿ ಹೆದರಿಕೆ. ತಗೊಂಡು ಹೋಗಿ ಮೇಕೆಗೆ ಹಾಕ್ತಿದ್ದೆ."

ಎಲ್ಲರೂ ಶುಝೆನ್‌ಳ ಮುಖ ನೋಡಿದರು.

"ಮೇಕೆ ಕಾಲು ಮಾತ್ರ ಭಾರಿ ಗಟ್ಟಿಯಾಗಿದೆ," ಅಂದ ಅಜ್ಜ.

ಮೊದಲು ನಕ್ಕದ್ದು ಶುಝೆನ್. ಹಿಂದೆಯೇ ಇನ್ನೊಬ್ಬ ಮುದುಕಿ, "ನಾನೂ ಮೊಮ್ಮಕ್ಕಳಿಗೆ ಕೊಡ್ತಿದ್ದೆ ಕಣೇ!" ಅಂದಳು. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು.

ಆಗ ಲಿಯಾನ್ ಒಳಗಿಂದ ದೊಡ್ಡ ಹಂಡೆ ಹೊತ್ತು ತಂದಳು. ಬೆಳಗಿನ ಜಾವಕ್ಕೇ ಎದ್ದು, ತವರಿನ ಅಕ್ಕಿಗೆ ಉಳಿದ ಬೀಜ ಕೊಚ್ಚಿ ಹಾಕಿ, ಸಣ್ಣ ಉರಿಯಲ್ಲಿ ಗಂಜಿ ಕಾಯಿಸಿದ್ದಳು. ಬಯಲಿನಲ್ಲಿ ಮುದುಕರಿಗೆ ಮಾಡುವ ಹಾಗೆ, ನಾಲಿಗೆ ಮೇಲಿಟ್ಟರೆ ಕರಗುವ ಹಾಗೆ. ತಾವ್ ಅಜ್ಜ ಒಂದು ಬಟ್ಟಲು ಕುಡಿದ. ಇನ್ನೊಂದು ಕುಡಿದ. ಬೊಚ್ಚು ಬಾಯಿ ಚಪ್ಪರಿಸಿ, "ಏಳು ವರ್ಷದ ಮೇಲೆ ನಮ್ಮೂರ ಮರದ ರುಚಿ ನೋಡಿದೆ ಮಗಳೇ," ಅಂದ. ಅವನ ಕಣ್ಣು ಒದ್ದೆಯಾಗಿತ್ತು.

ಶುಝೆನ್ ಸೊಸೆಯ ಹೆಗಲ ಮೇಲೆ ಕೈಯಿಟ್ಟು ಊರಿಗೆಲ್ಲ ಕೇಳುವ ಹಾಗೆ ಅಂದಳು: "ನಮ್ಮ ಮನೆ ಸೊಸೆ!" ನಲವತ್ತು ವರ್ಷ ಬೀಜ ಹಂಚಿದಾಗಲೂ ಅವಳ ದನಿಯಲ್ಲಿ ಅಷ್ಟು ಹೆಮ್ಮೆ ಇರಲಿಲ್ಲ.

ಮುಂದೆ ಏನಾಯಿತು ಅಂತ ಕೇಳ್ತೀರಾ? ಮುಂದಿನ ವರ್ಷ ಶುಝೆನ್ ಮನೆಮನೆಗೆ ಹೋಗಿ ಚೀಲ ಕಟ್ಟುವುದು ಕಲಿಸಿದಳು. ಮೂವತ್ತು ಸೂರಿನ ಕೆಳಗೂ ಬೀಜ ತೂಗಿತು. ಆದರೂ ಸಂದೇಹ ಬಂದವರು ಅವಳನ್ನೇ ಕೇಳಲು ಬಂದರು, ಮೊದಲಿಗಿಂತ ಜಾಸ್ತಿಯೇ ಬಂದರು. ಫಾಂಗ್‌ಗೆ ಕಲಿಸುವಷ್ಟರಲ್ಲಿ ಸಾಕುಸಾಕಾಯಿತು, ಆದರೆ ಕಲಿತಳು. ತಾವ್ ಅಜ್ಜ ಇನ್ನೂ ಆರು ಚಳಿಗಾಲ ಗಂಜಿ ಕುಡಿದು, ಕೊನೆಯ ದಿನದ ತನಕ ತನ್ನ ಕಾಲ ಮೇಲೇ ನಡೆದಾಡಿದ. ಮಗ ಉಪ್ಪಿನ ಜೊತೆ ಅಕ್ಕಿಯನ್ನೂ ಬೆಟ್ಟಕ್ಕೆ ಹೊತ್ತು ತರತೊಡಗಿದ. ಲಿಯಾನ್ ಅಜ್ಜಿಯಾದಳು. ಮೊಮ್ಮಕ್ಕಳು ಏನು ಕೇಳಿದರೂ, ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಮೊದಲು ಉತ್ತರ ಹೇಳುತ್ತಿದ್ದಳಂತೆ.

ನೀತಿ: ಬಲ್ಲದ್ದನ್ನು ಬಚ್ಚಿಟ್ಟುಕೊಂಡರೆ ನಷ್ಟ ನಮಗೂ, ನಮ್ಮವರಿಗೂ. ಕೇಳಿದವರಿಗೆ ಹೇಳಿಕೊಡಿ. ತಪ್ಪಾದಾಗ ಇನ್ನೊಬ್ಬರ ಮೇಲೆ ಹಾಕದೆ ತಲೆಯೆತ್ತಿ ಒಪ್ಪಿಕೊಳ್ಳಿ. ನಿಜವಾದ ಹೆಮ್ಮೆ ಅದೇ.